ಮೇಲಿಂದ ಕಂಡ ಹೊಗೆ

2023ರ ಜೂನ್ 7ರಂದು ನ್ಯೂಯಾರ್ಕ್ ಆಕಾಶ ಹಾಡಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತಲ್ಲ, ಆ ವಾರದ ಗೋಸ್-16 ಉಪಗ್ರಹದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ನೋಡಬೇಕು. ಸುಮಾರು 36,000 ಕಿ.ಮೀ. ಎತ್ತರದಿಂದ ಅದು ಅಮೆರಿಕದ ಮೇಲೆ 5 ನಿಮಿಷಕ್ಕೊಮ್ಮೆ ಕಣ್ಣು ಹಾಯಿಸುತ್ತಿತ್ತು. ಮೋಡಗಳು ಬೆಳ್ಳಗೆ, ಅಂಚು ಕಟ್ಟಿದ ಹಾಗೆ ಕಾಣುತ್ತವೆ. ಕೆನಡಾದ ಕ್ವಿಬೆಕ್‌ನ ಕಾಡ್ಗಿಚ್ಚಿನಿಂದ ಎದ್ದ ಹೊಗೆ ಮಾತ್ರ ಮಾಸಲು ಕಂದು, ನೀರಿಗೆ ಬಿದ್ದ ಚಹಾದಂತೆ ಅಂಚಿಲ್ಲದೆ ದಕ್ಷಿಣಕ್ಕೆ ಹರಡುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಎದ್ದು ಕಾಣುವ ಅದೇ ಹೊಗೆ ನಡುಮಧ್ಯಾಹ್ನದ ಚಿತ್ರದಲ್ಲಿ ತೆಳುವಾಗಿಬಿಡುತ್ತದೆ. ಕಡಿಮೆಯಾಯಿತು ಅಂತ ನಂಬಿ ಹೊರಗೆ ಹೋದರೆ ಕಷ್ಟ.

ಇನ್ನೂ ಮುಖ್ಯವಾದದ್ದು: ಹೊಗೆ ನಮ್ಮ ಮೂಗಿನ ಮಟ್ಟದಲ್ಲಿದೆಯೋ, ಕಿಲೋಮೀಟರುಗಟ್ಟಲೆ ಮೇಲೆ ತೇಲುತ್ತಿದೆಯೋ ಅನ್ನುವುದನ್ನು ಬರೀ ಚಿತ್ರ ಹೇಳುವುದಿಲ್ಲ. ಆ ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಪೋರ್ಚುಗಲ್, ಸ್ಪೇನ್ ತನಕ ಹೋಯಿತು. ಬಹುಪಾಲು ಎತ್ತರದಲ್ಲೇ ತೇಲಿತು. ನ್ಯೂಯಾರ್ಕಿನಲ್ಲಿ ನೆಲಕ್ಕೇ ಇಳಿದು ಕೂತಿತ್ತು. ಎಷ್ಟು ಇಳಿದಿದೆ ಎಂದು ಹೇಳಿದ್ದು ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಅಳೆಯುವ, ನೆಲದ ಮೇಲಿನ ಪಿಎಂ 2.5 ಮಾಪಕಗಳು.

ನ್ಯೂಜೆರ್ಸಿ, ಟೊರಾಂಟೊ ಕಡೆ ಇರುವ ನಮ್ಮವರಿಗೆ ಒಂದು ಕೋರಿಕೆ. ಹೊಗೆ ಎತ್ತ ಹೊರಟಿದೆ ಅಂತ ತಿಳಿಯಲು ಉಪಗ್ರಹ ಚಿತ್ರ ನೋಡಿ. ಮಕ್ಕಳನ್ನು ಆಟಕ್ಕೆ ಬಿಡಬೇಕೋ ಬೇಡವೋ ಅನ್ನುವುದಕ್ಕೆ ಹತ್ತಿರದ ಮಾಪಕದ ಅಂಕಿಯನ್ನೇ ನೋಡಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಎನ್-95 ಮಾಸ್ಕ್ ಮೊದಲೇ ತಂದಿಟ್ಟುಕೊಳ್ಳಿ.