ಕಿವಿಯಿಂದ ಓದುವ ಪಾಠ

ಮಕ್ಕಳೇ, ‘ಕಮಲ’ ಎಂದು ಬರೆದರೆ ನಿಮಗೆ ಮೂರು ಅಕ್ಷರಗಳು ಕಾಣುತ್ತವೆ. ಕಂಪ್ಯೂಟರಿಗೆ ಅವು 3221, 3246, 3250 ಎಂಬ ಮೂರು ಸಂಖ್ಯೆಗಳು! ಒಂದೊಂದು ಅಕ್ಷರಕ್ಕೂ ಹೀಗೆ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಕನ್ನಡಕ್ಕೆ 1991ರಲ್ಲೇ ಅದರಲ್ಲಿ ಸ್ಥಾನ ದೊರೆಯಿತು.

ಈ ಸಂಖ್ಯೆಗಳ ಬೆಲೆ ತಿಳಿಯಬೇಕಾದರೆ ನಮ್ಮ ದುಬಲಗುಂಡಿಯ ಏಳನೆಯ ತರಗತಿಯ ಒಬ್ಬ ಹುಡುಗಿಯನ್ನು ಕೇಳಬೇಕು. ಅವಳಿಗೆ ಕಣ್ಣು ಕಾಣುವುದಿಲ್ಲ. ಬ್ರೈಲ್ ಬಲ್ಲಳು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡ, ಮರಾಠಿ, ತೆಲುಗು ಮೂರಕ್ಕೂ ‘ಕ’ ಎಂದರೆ ಅವೇ ಎರಡು ಚುಕ್ಕಿಗಳು. ನಮ್ಮ ಗಡಿ ಸೀಮೆಗೆ ಹೇಳಿ ಮಾಡಿಸಿದಂತಿದೆ, ಅಲ್ಲವೇ? ಆದರೆ ಬ್ರೈಲ್ ಪುಸ್ತಕ ಬಹಳ ದಪ್ಪ, ಬೇಕೆಂದಾಗ ಸಿಗುವುದೂ ಇಲ್ಲ. ಅದಕ್ಕಾಗಿ ಅವಳು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಬಳಸುತ್ತಾಳೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಆರಂಭಿಸಿದರು, ಜೇಮ್ಸ್ ತೇ ಜೊತೆಗೂಡಿದರು. ಇಬ್ಬರೂ ಅಂಧರೇ. ತಂತ್ರಾಂಶವು ಅಕ್ಷರದ ಸಂಖ್ಯೆಯನ್ನು ನೋಡಿ, ಅದಕ್ಕೆ ತಕ್ಕ ಧ್ವನಿ ಹೊರಡಿಸುತ್ತದೆ.

ಒಮ್ಮೆ ವಿಜ್ಞಾನದ ಪ್ರಶ್ನೆಗಳು ಫೋಟೋ ರೂಪದಲ್ಲಿ ಬಂದವು. ಕಂಪ್ಯೂಟರ್ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಯಿತು! ಫೋಟೋದಲ್ಲಿ ಇರುವುದು ಬಣ್ಣದ ಚುಕ್ಕಿಗಳು, ಅಕ್ಷರದ ಸಂಖ್ಯೆಗಳಲ್ಲ. ಫೋಟೋದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಈಗ ಇವೆ, ಒತ್ತಕ್ಷರ ಬಂದಲ್ಲಿ ಎಡವುವುದುಂಟು. ಕೊನೆಗೆ ಅವಳ ಗೆಳತಿಯರೇ ಕುಳಿತು ಪ್ರಶ್ನೆಗಳನ್ನು ಟೈಪು ಮಾಡಿದರು.

ಹೃದಯದ ಚಿತ್ರಕ್ಕೆ ಏನು ಮಾಡುವುದು? ಒಬ್ಬಳು ಅದನ್ನು ಮಾತಿನಲ್ಲಿ ವಿವರಿಸಿ ಬರೆದಳು: “ಮೇಲೆ ಎಡಗಡೆ ಬಲ ಹೃತ್ಕರ್ಣ.” ಕೇಳಿಸಿಕೊಂಡವಳು ತಕ್ಷಣ ಕೇಳಿದಳು, “ಬಲ ಹೃತ್ಕರ್ಣ ಎಡಕ್ಕ ಹ್ಯಾಂಗ ಬರ್ತದ್ರೀ ಸರ್?”

ತರಗತಿಯೆಲ್ಲ ಮೌನ. ಆ ಚಿತ್ರವನ್ನು ಎಲ್ಲರೂ ಎಷ್ಟೋ ಸಲ ಬರೆದಿದ್ದರು, ಒಬ್ಬರೂ ಹೀಗೆ ಕೇಳಿರಲಿಲ್ಲ. (ಕಣ್ಣಿದ್ದವರು ನಕಲು ಮಾಡುವುದರಲ್ಲಿ ಬಹಳ ಚುರುಕು!) ಗೆಳತಿಯನ್ನು ಅವಳ ಎದುರು ನಿಲ್ಲಿಸಿದೆ. ಕೈ ಚಾಚಿ ಮುಟ್ಟಿದಾಗ ಗೆಳತಿಯ ಬಲ ಭುಜ ಅವಳ ಎಡಗೈಗೆ ಸಿಕ್ಕಿತು. “ಅಂದ್ರ ಚಿತ್ರದಾಗಿನ ಮನುಷ್ಯ ನಮ್ಮ ಕಡೆ ಮುಖ ಮಾಡ್ಯಾನ!” ಎಂದಳು.

ಆ ದಿನವೇ ಹುಡುಗಿಯರು ವಿವರಣೆಯನ್ನು ತಿದ್ದಿದರು. ಅದರ ಮೊದಲ ಸಾಲು ಈಗ ಹೀಗಿದೆ: “ಇದು ನಿಮ್ಮ ಎದುರು ನಿಂತವರ ಹೃದಯ. ಅವರ ಬಲ, ನಿಮ್ಮ ಎಡ.”