ವೃಷಭಾವತಿಯ ಕೆಳಗಿನ ಊರುಗಳು

ಕೆಂಗೇರಿ ಉಪನಗರ,
ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಲೇಜಿನ ಈ ಸಲದ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪಿಗೆ ಯಾವ ಊರು ಆರಿಸಲಿ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಈ ಕಾಗದ.

ಮೊನ್ನೆ ಮೆಟ್ರೊ ಹತ್ತಿ ಜ್ಞಾನಭಾರತಿ ಕಡೆ ಹೋಗಿದ್ದೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಮೇಲೆ ಮೈಸೂರು ರಸ್ತೆಯ ಧೂಳು ಕುಡಿಯುವುದು ತಪ್ಪಿದೆ. ಆ ಸುತ್ತಿನಲ್ಲೇ ನಾಗರಭಾವಿಯಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಇದೆ. 1972ರಲ್ಲಿ ಅದನ್ನು ಕಟ್ಟಿದವರು ವಿ.ಕೆ.ಆರ್.ವಿ. ರಾವ್. ನಿನ್ನ ಎನ್ನೆಸ್ಸೆಸ್ ಶುರುಮಾಡಿದವರೂ ಅವರೇ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದಾಗ 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ವರ್ಷಕ್ಕೆ 120 ಗಂಟೆ ಲೆಕ್ಕ ತುಂಬಿಸಲು ಒದ್ದಾಡುತ್ತೀಯಲ್ಲ, ಬೈಯಬೇಕೆನಿಸಿದರೆ ಇನ್ನು ಯಾವ ದಿಕ್ಕಿಗೆ ತಿರುಗಬೇಕೆಂದು ಗೊತ್ತಾಯಿತು!

ಇರಲಿ, ಊರು ಆರಿಸುವ ಮಾತಿಗೆ ಬರೋಣ. ನಾನು ಹೇಳಬೇಕೆಂದಿರುವುದು ವೃಷಭಾವತಿ ಹೊಳೆಯ ವಿಷಯ. ಸಂಜೆ ಇಲ್ಲಿನ ಸೇತುವೆ ಮೇಲೆ ಐದು ನಿಮಿಷ ನಿಂತು ನೋಡು. ನೀರು ಡಾಂಬರಿನಂತೆ ಕಪ್ಪು. ಕಲ್ಲಿಗೆ ಬಡಿದಲ್ಲೆಲ್ಲ ಬಿಳಿ ನೊರೆ ಏಳುತ್ತದೆ. ದಡದ ಗಿಡಗಂಟಿಗಳಿಗೆ, ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೂ, ಪ್ಲಾಸ್ಟಿಕ್ ಕವರುಗಳು ಜೋತುಬಿದ್ದಿವೆ. ಬಸವನಗುಡಿ ಕಡೆ ಹುಟ್ಟಿ, ಗಾಳಿ ಆಂಜನೇಯನ ಗುಡಿ ದಾಟಿ ಬರುವ ಹೊಳೆ ಇದು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನನ್ನು ಹೊಳೆಯ ಹೆಸರೇನೆಂದು ಕೇಳಿದರೆ, "ಮೋರಿ ಸಾರ್ ಅದು" ಅಂದ.

ಕೆಂಗೇರಿ ದಾಟಿದ ಈ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತದೆ, ಅಲ್ಲಿಂದ ಮುಂದೆ ಅರ್ಕಾವತಿ ಸೇರುತ್ತದೆ. ಗದ್ದೆಗೆ ನೀರುಣಿಸಲೆಂದು ಕಟ್ಟಿದ ಕೆರೆ ಅದು. ಈಗ ಅದರ ಕೆಳಗಿನ ರೈತರು ಮೇವಿನ ಹುಲ್ಲು, ಬೇಬಿ ಕಾರ್ನು, ಹಿಪ್ಪುನೇರಳೆ ಅಂತ ಈ ನೀರಿಗೆ ಒಗ್ಗುವುದನ್ನು ಬೆಳೆದುಕೊಂಡಿದ್ದಾರೆ. ನಾವು ಮೂರನೇ ಮಹಡಿಯಲ್ಲಿ ಪಾತ್ರೆ ತೊಳೆದ ಸೋಪಿನ ನೀರು ಅವರ ಹೊಲಕ್ಕೆ ಹೋಗುತ್ತದೆ, ಅಕ್ಕ.

ಇನ್ನು ಕ್ಯಾಂಪಿನ ಮಾತು. ಗಾಂಧೀಜಿಯ ರಚನಾತ್ಮಕ ಕಾರ್ಯಕ್ರಮದ ಹದಿನೆಂಟು ಅಂಶಗಳಲ್ಲಿ ಆರನೆಯದು ಗ್ರಾಮ ನೈರ್ಮಲ್ಯ, ಕೊನೆಯದು ವಿದ್ಯಾರ್ಥಿಗಳು. ನೆರೆಯ ಹಳ್ಳಿಗಳಿಗೆ ಹೋಗಿ ಕಸ ಬಳಿಯಲು ಸದಾ ಸಿದ್ಧರಿರಬೇಕು ಅಂತ ಹುಡುಗರಿಗೆ ಹೇಳಿದವರು ಅವರು. ನಮ್ಮ ಕ್ಯಾಂಪುಗಳು ಆ ಮಾತನ್ನು ಅಕ್ಷರಶಃ ಹಿಡಿದುಕೊಂಡಿವೆ. ಬೆಳಗ್ಗೆ ಪ್ರಭಾತಫೇರಿ, ಉಪ್ಪಿಟ್ಟು, ಬಾಂಡ್ಲಿ ಗುದ್ದಲಿ ಹಿಡಿದು ಚರಂಡಿ ಎತ್ತುವುದು, ಸಂಜೆ ಊರವರಿಗೆ ಶುಚಿತ್ವದ ಭಾಷಣ. ಏಳನೇ ದಿನ ಶಾಮಿಯಾನ, ಹಾರ, ಫೋಟೊ. ಹೋದ ವರ್ಷ ತೋಡಿದ ಗುಂಡಿಯಲ್ಲೇ ಈ ವರ್ಷವೂ ಸಸಿ. ನಿನ್ನನ್ನು ಆಡಿಕೊಳ್ಳುತ್ತಿಲ್ಲ, ಆ ಉಪ್ಪಿಟ್ಟು ನಾನೂ ತಿಂದವನೇ. ಆದರೆ ಬೈರಮಂಗಲದ ಕೆಳಗಿನ ಊರಿನಲ್ಲಿ ನಿಂತು ಶುಚಿತ್ವದ ಪಾಠ ಹೇಳುವ ಮುಖ ಪೇಟೆಯವರಿಗೆ ಎಲ್ಲಿದೆ? ಅಲ್ಲಿಗೆ ಕೇಳಿಸಿಕೊಳ್ಳಲು ಹೋಗಬೇಕು.

ಹಾಗಾಗಿ ಮಕ್ಕಳನ್ನು ಇಲ್ಲಿಗೇ ಕರೆತಾ. ಓದು ಮುಗಿಸಿ ಅವರಲ್ಲಿ ಅರ್ಧದಷ್ಟು ಜನ ಕೆಲಸಕ್ಕೆ ಬೆಂಗಳೂರಿಗೇ ಬರುವವರು, ಇದೇ ಹೊಳೆಗೆ ನೀರು ಬಿಡುವವರು. ಮೊದಲ ದಿನ ಕೆಂಗೇರಿಯಲ್ಲಿ ಮೋರಿಗಳ ಜಾಡು ಹಿಡಿದು ನಡೆಯಲಿ. ಆಮೇಲೆ ಕೆಳಗಿನ ಊರುಗಳಲ್ಲಿ ಮನೆಮನೆಗೆ ಹೋಗಿ ಕೇಳಲಿ: ಬೋರ್‌ವೆಲ್ ಎಷ್ಟು ಅಡಿ, ಕುಡಿಯುವ ನೀರು ಎಲ್ಲಿಂದ, ಮುಂಚೆ ಗದ್ದೆಯಲ್ಲಿ ಏನು ಬೆಳೆಯುತ್ತಿದ್ದಿರಿ, ಈ ನೀರು ನಿಂತರೆ ನಿಮಗೆ ಲಾಭವೋ ನಷ್ಟವೋ. ಕೊನೆಯ ಪ್ರಶ್ನೆ ಬಿಡಬೇಡ. ಕೊಳಕಾದರೂ ವರ್ಷವಿಡೀ ಬರುವ ನೀರು ಅದು, ಉತ್ತರ ನಾವು ಅಂದುಕೊಂಡಂತೆ ಇರಲಾರದು. ಬರೆದುಕೊಂಡದ್ದನ್ನು ಗ್ರಾಮಸಭೆಯಲ್ಲಿ ಅವರೆದುರಿಗೇ ಓದಲಿ.

ಒಂದು ಎಚ್ಚರ: ಉತ್ಸಾಹದಲ್ಲಿ ಯಾರೂ ನೀರಿಗಿಳಿಯಕೂಡದು. ಪ್ರಿನ್ಸಿಪಾಲರು ದೂರವಾಯಿತು ಅಂದರೆ ಬಿಡದಿ ಮೈಸೂರು ರಸ್ತೆಯಲ್ಲೇ ಇದೆ ಅಂತ ಹೇಳು. ಉಳಿಯಲು ಯಾವುದಾದರೂ ಶಾಲೆ ಸಿಗುತ್ತದೆಯೇ ಅಂತ ಮುಂದಿನ ವಾರ ಆ ಕಡೆ ಹೋಗಿ ವಿಚಾರಿಸಿ ಬರೆಯುತ್ತೇನೆ. ಎಷ್ಟು ಜನ ಹುಡುಗರು, ಎಷ್ಟು ಜನ ಹುಡುಗಿಯರು ಅನ್ನುವುದನ್ನು ಅಷ್ಟರೊಳಗೆ ತಿಳಿಸು. ಭಾವನವರಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ತಮ್ಮ