ಇಳಕಲ್ಲಿನ ಕೆಂಪು

ಬಣ್ಣವು ಬಟ್ಟೆಯಲ್ಲಿರುವುದೋ ಬೆಳಕಿನಲ್ಲಿರುವುದೋ ಎಂದು ಪಂಡಿತರು ವಾದಿಸುತ್ತಿರಲಿ. ನಮ್ಮ ನಾಡಿನ ತಾಯಂದಿರಿಗೆ ಆ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಸೀರೆಯನ್ನು ಅಂಗಡಿಯ ದೀಪದಲ್ಲಿ ನೋಡಿ ಅವರು ತೃಪ್ತರಾಗುತ್ತಿರಲಿಲ್ಲ. ಹೊಸ್ತಿಲಿಗೆ ತಂದು, ಹೊರಗಿನ ಬೆಳಕಿಗೆ ಹಿಡಿದು, ಆಮೇಲೆಯೇ ಬೆಲೆಯ ಮಾತನ್ನು ಎತ್ತುತ್ತಿದ್ದರು. ನಮ್ಮ ದಿಲ್ಲಿ ಹಾಟಿನಲ್ಲಿ ಇಂದಿಗೂ ಹಾಗೆ ನೋಡುವವರುಂಟು. ಆದರೆ ಈಗ ಸೀರೆಯನ್ನು ಫೋನಿನ ಪರದೆಯ ಮೇಲೆ ನೋಡಿ ಕೊಳ್ಳುವ ಕಾಲ ಬಂದಿದೆ. ಪರದೆಗೆ ಹೊಸ್ತಿಲೆಲ್ಲಿಯದು?

ನಮ್ಮ ಚಿಕ್ಕಪ್ಪನ ಮಗನು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದ ನೇಕಾರ. ಇಳಕಲ್ ಸೀರೆಯನ್ನು ನಿಮ್ಮಲ್ಲಿ ಕೆಲವರಾದರೂ ಅಜ್ಜಿಯರ ಮೈಮೇಲೆ ಕಂಡಿರಬೇಕು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸುವ ವಿದ್ಯೆಗೆ ತೋಪು ತೆನಿ ಎಂದು ಹೆಸರು. ಸೆರಗು ಕೆಂಪು ರೇಷ್ಮೆ. ಅದರ ಮೇಲೆ ಬಿಳಿಯ ಚಿತ್ತಾರ. ಆ ಕೆಂಪಾದರೂ ಒಂದೇ ಅಲ್ಲ. ದಾಳಿಂಬೆ ಕೆಂಪು ಒಂದು, ಗಿರಿ ಕುಂಕುಮ ಮತ್ತೊಂದು.

ಎರಡು ವರ್ಷಗಳ ಹಿಂದೆ ವರ್ತಕರೊಬ್ಬರು ಇವನ ಸೀರೆಗಳನ್ನು ಅಂಗಡಿಯ ಹಳದಿ ದೀಪದ ಕೆಳಗೆ ಹಾಸಿ, ಚಿತ್ರ ತೆಗೆದು, ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟರು. ಮೂರು ಸೀರೆಗಳು ಮರಳಿ ಬಂದವು. “ಅಣ್ಣಾ, ನಾ ನೇದಿದ್ದು ಗಿರಿ ಕುಂಕುಮ. ಫೋಟೋದಾಗ ಇಟ್ಟಂಗಿ ಬಣ್ಣ ಕಾಣತೈತಿ. ತೊಗೊಂಡವರು ನನ್ನ ಸುಳ್ಳ ಅಂತಾರ” ಎಂದು ಅವನು ಫೋನಿನಲ್ಲಿ ಹೇಳಿದ. ಹೋಗಿಬರುವ ಸಾಗಣೆಯ ವೆಚ್ಚ ಅವನ ತಲೆಯ ಮೇಲೆಯೇ ಬಿತ್ತು. ನೂಲಿನ ಸಾಲ ಹಾಗೆಯೇ ಉಳಿಯಿತು. ಅವೆರಡಕ್ಕಿಂತಲೂ ‘ಸುಳ್ಳ’ ಎಂಬ ಮಾತು ಅವನನ್ನು ಹೆಚ್ಚಾಗಿ ನೋಯಿಸಿತೆಂದು ನಮಗೆ ತೋರಿತು. ಅಂದಿನಿಂದ ದಿಲ್ಲಿಯ ಗಿರಾಕಿಗಳಿಗೆ ಸಲ್ಲಬೇಕಾದ ಸೀರೆಗಳು ಮೊದಲು ನಮ್ಮ ಬಾಡಿಗೆಯ ಮನೆಗೆ ಬರುತ್ತವೆ. ರವಿವಾರಗಳಂದು ಮಾಳಿಗೆಯ ಮೇಲೆ ಅವುಗಳ ಚಿತ್ರ ತೆಗೆಯುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ.

ನಮ್ಮ ಕಣ್ಣು ಬಹಳ ಉದಾರಿ. ಬಿಳಿಯ ಕಾಗದವನ್ನು ಹಳದಿ ದೀಪದಲ್ಲಿ ಹಿಡಿದರೂ ಅದು ಬಿಳಿಯೆಂದೇ ತಿಳಿದುಕೊಳ್ಳುತ್ತದೆ. ಕ್ಯಾಮರಾಕ್ಕೆ ಈ ವಿವೇಕವಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ತಂತಿ ಉರಿಯುವ ಹಳೆಯ ದೀಪದ ಬೆಳಕು ಸುಮಾರು ೨೭೦೦ ಕೆಲ್ವಿನ್. ಮಧ್ಯಾಹ್ನದ ಬಿಸಿಲು ಸುಮಾರು ೫೫೦೦. ತಿಳಿಯಾದ ಆಕಾಶದ ಕೆಳಗಣ ನೆರಳು ಇನ್ನೂ ಹೆಚ್ಚು, ಎಂದರೆ ಇನ್ನೂ ನೀಲಿ. ಆದುದರಿಂದ ಸೀರೆಯ ಪಕ್ಕದಲ್ಲಿ ಮೊದಲು ಒಂದು ಬೂದು ಹಲಗೆಯನ್ನಿಟ್ಟು ಚಿತ್ರ ತೆಗೆಯಬೇಕು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೧೮ ಪಾಲನ್ನು ಯಾವ ಬಣ್ಣಕ್ಕೂ ಪಕ್ಷಪಾತವಿಲ್ಲದೆ ಮರಳಿಸುವ ಹಲಗೆ ಅದು. ‘ಇದು ಬೂದು’ ಎಂದು ಯಂತ್ರಕ್ಕೆ ಒಮ್ಮೆ ಹೇಳಿಕೊಟ್ಟರೆ ಉಳಿದ ಬಣ್ಣಗಳು ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ಕಿಟಕಿಯ ಬೆಳಕೂ ಕೊಠಡಿಯ ದೀಪವೂ ಬೆರೆತಲ್ಲಿ ಮಾತ್ರ ಈ ಉಪಾಯ ಸಾಗದು. ಒಂದು ಹಲಗೆ ಇಬ್ಬರು ಒಡೆಯರಿಗೆ ದುಡಿಯಲಾರದು.

ದಿಲ್ಲಿಯ ಬೆಳಕಿನ ಸ್ವಭಾವವನ್ನು ನಿಮಗೆ ಬೇರೆಯಾಗಿ ವರ್ಣಿಸಬೇಕಿಲ್ಲ. ಚಳಿಗಾಲದಲ್ಲಿ ಮಂಜೂ ಹೊಗೆಯೂ ಕವಿದು ಸೂರ್ಯನು ತಾಮ್ರದ ತಟ್ಟೆಯಾಗುತ್ತಾನೆ. ಬೇಸಗೆಯಲ್ಲಿ ಆಂಧಿ ಎದ್ದರೆ ಆಕಾಶವೇ ಮಣ್ಣಿನ ಬಣ್ಣ. ನೆರೆಮನೆಯ ಗುಲಾಬಿ ಗೋಡೆಯೂ ಸುಮ್ಮನಿರದೆ ಸೆರಗಿನ ಬಿಳಿಯ ಚಿತ್ತಾರಕ್ಕೆ ತನ್ನ ಬಣ್ಣವನ್ನು ಬಳಿಯುತ್ತದೆ. ಕೆಂಪಿಗಂತೂ ಇನ್ನೊಂದು ಪೀಡೆಯುಂಟು. ಬೆಳಕು ಸ್ವಲ್ಪ ಹೆಚ್ಚಾದರೂ ಎಳೆಗಳೆಲ್ಲ ಕರಗಿ ಸೆರಗು ಬರಿಯ ಕೆಂಪು ಕಾಗದದಂತೆ ಕಾಣುತ್ತದೆ, ನೇಯ್ಗೆಯೇ ಮಾಯ! ಅದಕ್ಕಾಗಿ ಬೆಳಕನ್ನು ತುಸು ತಗ್ಗಿಸಿ ತೆಗೆಯುತ್ತೇವೆ.

ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು. ಜಗತ್ತಿನ ಮೊದಲ ಬಣ್ಣದ ಛಾಯಾಚಿತ್ರವೆಂದು ಹೆಸರಾದುದು ಒಂದು ಬಟ್ಟೆಯ ಚಿತ್ರವೇ. ೧೮೬೧ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲರು ಸ್ಕಾಟ್ಲೆಂಡಿನ ಚೌಕಳಿ ಪಟ್ಟಿಯೊಂದರ ಚಿತ್ರವನ್ನು ತೋರಿಸಿದರು. ಥಾಮಸ್ ಸಟನ್ ಎಂಬವರು ಕೆಂಪು, ಹಸಿರು, ನೀಲಿ ಸೋಸುಗಳ ಮೂಲಕ ಬೇರೆ ಬೇರೆಯಾಗಿ ತೆಗೆದ ಚಿತ್ರಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ಬಣ್ಣಗಳು ಮೂಡಿದವು. ಆದರೆ ಆ ಕಾಲದ ಫಲಕಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ! ಹಾಗಾದರೆ ಕೆಂಪು ಬಂದುದೆಲ್ಲಿಂದ? ನೂರು ವರ್ಷಗಳ ತರುವಾಯ, ೧೯೬೧ರಲ್ಲಿ, ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಇದನ್ನು ಬಿಡಿಸಿದರು. ಪಟ್ಟಿಯ ಕೆಂಪು ಬಣ್ಣವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಮರಳಿಸುತ್ತಿತ್ತು. ಅವು ಕೆಂಪು ಸೋಸನ್ನು ದಾಟಿ ಫಲಕವನ್ನು ಮುಟ್ಟಿದ್ದವು. ಬಟ್ಟೆಯ ಕೆಂಪು ಅಂದೂ ನೇರವಾದ ದಾರಿಯಲ್ಲಿ ಬರಲಿಲ್ಲವೆಂಬುದನ್ನು ಓದಿ ನಮಗೆ ನಗು ಬಂದಿತು, ಸ್ವಲ್ಪ ಸಮಾಧಾನವೂ ಆಯಿತು.

ಇರಲಿ. ಯಂತ್ರಕ್ಕೆ ಬೂದು ಬಣ್ಣವನ್ನು ಕಲಿಸಬಹುದು. ಹೆಸರನ್ನು ಕಲಿಸುವುದು ಹೇಗೆ? ಮಾರಾಟದ ಪುಟದಲ್ಲಿ ಬಣ್ಣವನ್ನು ಆರಿಸುವ ಪಟ್ಟಿಯೊಂದಿದೆ. ಅದರಲ್ಲಿ ಮರೂನ್ ಇದೆ, ರೆಡ್ ಇದೆ, ಗಿರಿ ಕುಂಕುಮವಿಲ್ಲ. ಒಂದು ಸೆರಗನ್ನು ತರಗತಿಗೆ ತಂದು ಯಾವ ಬಣ್ಣವೆಂದು ಕೇಳಿದಾಗ ನಿಮ್ಮಲ್ಲಿ ಹಲವರು ಒಂದೇ ಕಂಠದಿಂದ “ಮೆಹರೂನ್, ಸರ್” ಎಂದಿರಿ. ತಪ್ಪೆನ್ನಲಾರೆವು, ಈ ಊರಿನ ಬಜಾರಿನಲ್ಲಿ ಅದೇ ಮಾತು. ಆದರೆ ಹಿಂದಿನ ಸಾಲಿನ ಹುಡುಗಿಯೊಬ್ಬಳು “ನಮ್ಮಜ್ಜಿ ಇದನ್ನ ಬೇರೆ ಏನೋ ಅಂತಾರೆ” ಎಂದು, ಮರುದಿನ ಆ ಹೆಸರನ್ನು ಚೀಟಿಯಲ್ಲಿ ಬರೆದು ತಂದಳು. ಆ ಚೀಟಿಯ ಹೆಸರನ್ನೇ ಈಗ ವಿವರಣೆಯ ಮೊದಲ ಸಾಲಿನಲ್ಲಿ ಹಾಕುತ್ತೇವೆ. ಪಟ್ಟಿಯ ಮರೂನ್ ಅದರ ಕೆಳಗೆ.

ನವಿಲು ಹಸಿರಿನದು ಮಾತ್ರ ಇನ್ನೂ ಬಗೆಹರಿದಿಲ್ಲ. ಫೋನಿನ ಪರದೆಯು ಮೂರೇ ಬೆಳಕುಗಳನ್ನು ಬೆರೆಸಿ ಎಲ್ಲ ಬಣ್ಣಗಳನ್ನೂ ಕಟ್ಟಬೇಕು. ನೀಲಿಗೆ ಸರಿದ ಗಾಢ ಹಸಿರುಗಳಲ್ಲಿ ಕೆಲವು ಅದರ ಕೈಗೆ ನಿಲುಕವು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದರಂತೂ ಸೀರೆ ಮಡಿಕೆಗೊಂದು ರೂಪ ತಾಳುತ್ತದೆ. ಅಂತಹ ಸೀರೆಗೆ ಎರಡು ಕೋನಗಳಿಂದ ಎರಡು ಚಿತ್ರ ತೆಗೆದು, ‘ಕೈಯಲ್ಲಿ ಇದಕ್ಕಿಂತ ಗಾಢವಾಗಿ ಕಾಣುವುದು’ ಎಂದು ಕೆಳಗೆ ಬರೆಯುತ್ತೇವೆ. ಹೀಗೆ ಬರೆದರೆ ಕೊಳ್ಳುವವರು ಹಿಂಜರಿಯುವರೆಂದು ತಮ್ಮನು ಮೊದಲು ಅಂಜಿದ್ದ. ಕಳೆದ ವರ್ಷ ಬಂದ ನಾಲ್ಕು ನವಿಲು ಹಸಿರಿನ ಸೀರೆಗಳಲ್ಲಿ ಮೂರು ಮಾರಿಹೋದವು, ಒಂದೂ ಮರಳಿ ಬರಲಿಲ್ಲ. ನಾಲ್ಕನೆಯದು ನಮ್ಮ ಪೆಟ್ಟಿಗೆಯಲ್ಲಿದೆ. ಮಂಜು ತೆಗೆದ ಮೇಲೆ ಅದರ ಚಿತ್ರವನ್ನು ಇನ್ನೊಮ್ಮೆ ತೆಗೆಯಬೇಕು.